ಪ್ರವಾಸದ ಬಸ್ಸು ಒಮ್ಮೆ ಕಾಗವಾಡಕ್ಕೂ ಹೋಗಲಿ

ಉಪನಿರ್ದೇಶಕರಿಗೆ,
ಶಾಲಾ ಶಿಕ್ಷಣ ಇಲಾಖೆ, ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ

ಮಾನ್ಯರೇ,

ದೀಪಾವಳಿ ಸೂಟಿ ಮುಗಿಯಿತೆಂದರೆ ನಮ್ಮ ಶಾಲೆಗಳಲ್ಲಿ ಪ್ರವಾಸದ ಗದ್ದಲ ಶುರು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಪ್ರವಾಸದ ಊರುಗಳ ಪಟ್ಟಿಯನ್ನು ಎಷ್ಟೋ ವರ್ಷ ನಾನೇ ಬರೆದಿದ್ದೇನೆ: ಹಂಪಿ, ಬಾದಾಮಿ, ಗೋಳಗುಮ್ಮಟ. ರೊಕ್ಕ ಕಡಿಮೆ ಬಿದ್ದ ವರ್ಷ ಕಿತ್ತೂರು, ಇಲ್ಲವೇ ನಿಪ್ಪಾಣಿ ದಾಟಿ ಕಣೇರಿ ಮಠ. ಕಣೇರಿಯ ವಸ್ತುಸಂಗ್ರಹಾಲಯದಲ್ಲಿ ಹಳ್ಳಿಯ ಬದುಕನ್ನೆಲ್ಲ ಗೊಂಬೆಗಳಲ್ಲಿ ನಿಲ್ಲಿಸಿದ್ದಾರೆ. ಚಂದ ಮಾಡಿದ್ದಾರೆ, ತಕರಾರಿಲ್ಲ. ಒಂದು ಸಲ ಅಲ್ಲಿಯ ಎತ್ತಿನ ಮುಂದೆ ನಿಂತ ಹುಡುಗನೊಬ್ಬ, “ಸರ್, ನಮ್ಮ ಮನ್ಯಾಗಿನ ಎತ್ತು ಇದಕ್ಕಿಂತ ಚಲೋ ಅದಾವ್ರಿ” ಅಂದ. ನಾವೆಲ್ಲ ನಕ್ಕೆವು. ಟಿಕೀಟು ತೆಗೆದು ನೋಡುವಂಥದ್ದಷ್ಟೇ ಇತಿಹಾಸ ಎಂಬ ರೂಢಿಯನ್ನು ಮಕ್ಕಳಿಗೆ ಹಚ್ಚಿದವನು ನಾನೇ ಎಂಬುದು ಆಗ ಹೊಳೆಯಲಿಲ್ಲ.

ನನ್ನ ಬೇಡಿಕೆ ಸಣ್ಣದು. ಈ ಸಲದ ಸುತ್ತೋಲೆಯಲ್ಲಿ ಒಂದು ಸಾಲು ಸೇರಿಸಿ: ಎಂಟನೆಯ ತರಗತಿಯವರ ಮೊದಲ ಪ್ರವಾಸ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಒಳಗೇ ಆಗಲಿ. (ಗೋಕಾಕ, ಹುಕ್ಕೇರಿ ಕಡೆಯ ಮಾತನ್ನು ಅಲ್ಲಿಯವರು ಹೇಳಲಿ. ನಾನು ತಿರುಗಾಡಿದ್ದು ಇಷ್ಟೇ ಸೀಮೆ.)

“ಇಲ್ಲೇನದ ನೋಡಲಿಕ್ಕೆ?” ಎಂದು ಶಿಕ್ಷಕರೇ ಕೇಳುತ್ತಾರೆ.

ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿ 1394ರ ಶಾಸನವಿದೆ. ಅದು ಯಾಪನೀಯ ಸಂಘದ ಮುನಿಗಳನ್ನು ಹೆಸರಿಸುತ್ತದೆ. ಯಾಪನೀಯರು ದಿಗಂಬರರಂತೆ ಬತ್ತಲೆಯಿರುತ್ತಿದ್ದರು, ಆದರೆ ಶ್ವೇತಾಂಬರರಂತೆ ಹೆಣ್ಣಿಗೂ ಮೋಕ್ಷವುಂಟು ಎನ್ನುತ್ತಿದ್ದರು. ಈಗ ಆ ಪಂಥವೇ ಇಲ್ಲ. ಅದರ ಹೆಸರಿರುವ ಬಹು ಹಳೆಯ ದಾಖಲೆಗಳಲ್ಲಿ ಒಂದು, ಕದಂಬ ಮೃಗೇಶವರ್ಮನ 5ನೆಯ ಶತಮಾನದ ದಾನಶಾಸನ, ಖಾನಾಪುರ ತಾಲೂಕಿನ ಹಲಸಿಯದು. ಕೊನೆಕೊನೆಯ ದಾಖಲೆಗಳಲ್ಲಿ ಒಂದು ಕಾಗವಾಡದ್ದು. ಸುಮಾರು 900 ವರ್ಷ ಬಾಳಿದ ಪಂಥವೊಂದರ ಬುಡ, ತುದಿ ಎರಡೂ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇವೆ. ಇದನ್ನು ಯಾವ ಹುಡುಗಿ ಕೇಳಿದರೂ ಮೊದಲು ಕೇಳುವ ಪ್ರಶ್ನೆ ಗೊತ್ತಿದೆ: “ಹೆಣ್ಣಿಗೆ ಮೋಕ್ಷ ಇಲ್ಲ ಅಂದವರು ಯಾರ್ರಿ ಸರ್?” ಆ ಪ್ರಶ್ನೆಯೊಂದಕ್ಕೆ ಒಂದು ಪಾಠದ ಅವಧಿ ಸಾಲದು.

ಯಾಪನೀಯರ ಚರಿತ್ರೆಯನ್ನು ಕಟ್ಟಿಕೊಟ್ಟವರಲ್ಲಿ ಆದಿನಾಥ ನೇಮಿನಾಥ ಉಪಾಧ್ಯೆ ದೊಡ್ಡ ಹೆಸರು. ಅವರು 1906ರಲ್ಲಿ ಹುಟ್ಟಿದ್ದು ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕಲಿಸುತ್ತ ಪ್ರಾಕೃತದ ಹಳೆಯ ಗ್ರಂಥಗಳನ್ನು ಸಂಪಾದಿಸಿದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅದೇ ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರ ಹೆಸರು ಮಧ್ಯಪ್ರದೇಶದ ಹಳ್ಳಿಹಳ್ಳಿಗೂ ಗೊತ್ತು. ನಮ್ಮ ಮಕ್ಕಳಿಗೆ ಸದಲಗಾ ಅಂದರೆ ಕಬ್ಬಿನ ಟ್ರ್ಯಾಕ್ಟರು.

ಇನ್ನು ನಿಪ್ಪಾಣಿ. ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಅಧಿವೇಶನದ ಬಗ್ಗೆ ಮಕ್ಕಳು ಕಂಠಪಾಠ ಒಪ್ಪಿಸುತ್ತಾರೆ. ಅದಾಗಿ ನಾಲ್ಕೇ ತಿಂಗಳಿಗೆ, 1925ರ ಏಪ್ರಿಲಿನಲ್ಲಿ, ನಿಪ್ಪಾಣಿಯಲ್ಲಿ ಮುಂಬೈ ಪ್ರಾಂತದ ಬಹಿಷ್ಕೃತರ ಪರಿಷತ್ತು ಸೇರಿತ್ತು. ಅಧ್ಯಕ್ಷರು ಅಂಬೇಡ್ಕರ್. ಮಹಾಡದ ಕೆರೆಯ ಸತ್ಯಾಗ್ರಹಕ್ಕೆ ಇನ್ನೂ ಎರಡು ವರ್ಷವಿತ್ತು. ಅದೇ ಊರಿನಲ್ಲಿ 1981ರಲ್ಲಿ ತಂಬಾಕಿನ ದರಕ್ಕಾಗಿ ರೈತರು, ಶರದ್ ಜೋಶಿಯವರ ಮುಂದಾಳತ್ವದಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ವಾರಗಟ್ಟಲೆ ಕೂತರು. ಏಪ್ರಿಲ್ 6ರಂದು ಗೋಲಿಬಾರ್ ಆಗಿ ರೈತರು ಸತ್ತರು. ನಾವು ಅದೇ ರಸ್ತೆಯ ಮೇಲೆ ಅಂತ್ಯಾಕ್ಷರಿ ಆಡುತ್ತ ಕಣೇರಿಗೆ ಹೋಗುತ್ತಿದ್ದೆವು.

ತಂಬಾಕು ವಖಾರಿಗಳಲ್ಲಿ ದುಡಿದ ಹೆಣ್ಣುಮಕ್ಕಳು ಸಂಘ ಕಟ್ಟಿದ ಕಥೆಯೂ ಆ ಕಾಲದ್ದೇ. ದೀಪಾ ಧನರಾಜ್ ಮತ್ತು ಯುಗಾಂತರ ತಂಡದವರು 1982ರಲ್ಲಿ ಅದರ ಸಾಕ್ಷ್ಯಚಿತ್ರ ಮಾಡಿದ್ದಾರೆ, ‘ತಂಬಾಕು ಚಾಕೀಲಾ ಊಬ್ ಆಲಿ’ ಎಂದು. ಅರ್ಧ ತಾಸೂ ಇಲ್ಲ. ಬಸ್ಸಿನೊಳಗೆ ಹಿಂದಿ ಸಿನಿಮಾ ಹಾಕುವ ಬದಲು ಇದನ್ನು ಹಾಕಿ ನೋಡಿ. ಯಾವುದೋ ಹುಡುಗ ಪರದೆಯ ಮೇಲೆ ತನ್ನ ಆಯಿಯ ಗುರುತು ಹಿಡಿದರೂ ಹಿಡಿದಾನು.

ಅಥಣಿಗೆ ಹೋದರೆ ಗಚ್ಚಿನ ಮಠ, 1921ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳ ನೆಲೆ. ಅದನ್ನು ಹೇಗೂ ತೋರಿಸುತ್ತಾರೆ. ಆದರೆ ಸಮಗಾರರ ಓಣಿಗೂ ಕರೆದುಕೊಂಡು ಹೋಗಲಿ. ಅಲ್ಲಿ ಹೊಲಿಯುವ ಚಪ್ಪಲಿಗಳಿಗೆ ಪೇಟೆಯಲ್ಲಿ ಕೊಲ್ಹಾಪುರಿ ಎಂದೇ ಹೆಸರು. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಇವೆ, ಬೆಳಗಾವಿ ಅದರಲ್ಲೊಂದು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಇಂಥದೇ ಚಪ್ಪಲಿಯನ್ನು ತನ್ನದೆಂಬಂತೆ ಮಿಲಾನಿನಲ್ಲಿ ಮೆರೆಸಿದಾಗ ದೇಶವೆಲ್ಲ ಗದ್ದಲವಾಯಿತಲ್ಲ, ಅದನ್ನು ಹೊಲಿಯುವ ಮನೆಗಳ ಮಕ್ಕಳು ನಿಮ್ಮ ಶಾಲೆಗಳಲ್ಲೇ ಕೂತಿದ್ದಾರೆ. ಆ ದಿನ ವಿವರಿಸುವ ಕೆಲಸ ಅವರದಾಗಲಿ, ಮಾಸ್ತರರು ಕೇಳಲಿ.

ರಾಯಬಾಗದ ಬಗ್ಗೆ ಒಂದೇ ಮಾತು. 1949ರವರೆಗೆ ಅದು ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಹಳೆಯ ಮನೆಗಳ ಟ್ರಂಕಿನಲ್ಲಿ ಮೋಡಿ ಲಿಪಿಯ ಕಾಗದಗಳಿದ್ದರೆ ಮಕ್ಕಳಿಂದ ಅವುಗಳ ಫೋಟೋ ತರಿಸಿ. ಮುಂದಿನ ಮಹಾಪೂರ ಬಂದಾಗ ಕೃಷ್ಣೆ ಯಾವುದನ್ನೂ ಕೇಳಿ ಒಯ್ಯುವುದಿಲ್ಲ.

ಹೊಸ ಕಟ್ಟಡ ಕೇಳುತ್ತಿಲ್ಲ, ಅನುದಾನವನ್ನೂ ಕೇಳುತ್ತಿಲ್ಲ. ಹಂಪಿಗೆ ಬಸ್ಸು ಹೊರಟ ನಸುಕಿನಲ್ಲಿ ರೊಕ್ಕ ಕಟ್ಟಲಾಗದ ಮಕ್ಕಳು ಗೇಟಿನ ಹತ್ತಿರ ಬಂದು ನಿಂತು ಕೈಬೀಸುತ್ತಿದ್ದರು. ಬಾರದಿದ್ದರೂ ನಡೆಯುತ್ತಿತ್ತು, ಆದರೂ ಬರುತ್ತಿದ್ದರು. ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ತಿರುಗಿ ಬರುವ ಪ್ರವಾಸದಲ್ಲಿ ಅವರೂ ಬಸ್ಸಿನೊಳಗೆ ಇರುತ್ತಾರೆ.

ಸುತ್ತೋಲೆ ಹೊರಡಿಸಿದರೆ ಕಾಗವಾಡದ ಕೆಳಗೆ ಎರಡು ಸಾಲು ಬರೆಸಿ. ಬಸದಿಯವರನ್ನು ಮೊದಲೇ ಕೇಳಿಕೊಂಡು, ಹತ್ತತ್ತು ಮಕ್ಕಳನ್ನಷ್ಟೇ ಕೆಳಗಿಳಿಸಬೇಕು. ಬ್ಯಾಟರಿ ಒಯ್ಯಬೇಕು, ಅದರ ಬೆಳಕನ್ನು ಕಲ್ಲಿಗೆ ನೇರ ಬಿಡದೆ ಮಗ್ಗುಲಿನಿಂದ ಓರೆಯಾಗಿ ಹಿಡಿಯಬೇಕು. ಅಕ್ಷರ ಏಳುವುದು ಆಗಲೇ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ಚಿಕ್ಕೋಡಿ