ಕಾವಲಿಯ ತುಕ್ಕು

ಮಳೆಗಾಲವೆಲ್ಲ ಅಟ್ಟದ ಮೇಲಿದ್ದ ದೋಸೆಯ ಕಾವಲಿಯನ್ನು ಕೆಳಗಿಳಿಸಿದಾಗ ಅದು ಕಾವಿ ಬಳಿದಂತೆ ಕೆಂಪಾಗಿರುವುದುಂಟು. ಸೊಸೆ ಅದನ್ನು ಗುಜರಿಗೆ ಹಾಕಹೊರಟರೆ ಅತ್ತೆಯ ಮುಖ ಬಾಡುವುದು ಸಹಜವೇ. ಮೂವತ್ತು ವರ್ಷ ಎಣ್ಣೆ ಕುಡಿದು ಪಳಗಿದ ಕಾವಲಿ ಅಂಗಡಿಯಲ್ಲಿ ದೊರೆಯುವ ವಸ್ತುವಲ್ಲ. ಆದರೆ ಈ ವ್ಯಾಜ್ಯ ಬಹುಮಟ್ಟಿಗೆ ಅನಾವಶ್ಯಕ. ತೂತು ಬೀಳದ, ಬಿರುಕು ಬಿಡದ ಕಾವಲಿ ಒಂದು ಬೆಳಗಿನ ಕೆಲಸದಿಂದ ಮತ್ತೆ ಒಲೆಯೇರುತ್ತದೆ.

ತುಕ್ಕೆಂಬುದು ಹೊರಗಿನಿಂದ ಬಂದು ಅಂಟಿದ ಕೊಳೆಯಲ್ಲ. ನೀರಿನ ಪಸೆಯೂ ಗಾಳಿಯ ಆಮ್ಲಜನಕವೂ ಸೇರಿ ಕಬ್ಬಿಣವನ್ನೇ ಕೆಂಪು ಪುಡಿಯಾಗಿ ಮಾರ್ಪಡಿಸುತ್ತವೆ. 'ತುಕ್ಕು ತಿಂದಿತು' ಎಂಬ ಮಾತು ಅಕ್ಷರಶಃ ನಿಜ. ಆ ಪುಡಿ ಸಡಿಲವಾದುದರಿಂದ ಒಳಗಿನ ಲೋಹವನ್ನು ಕಾಯಲಾರದು. ಇಂದಿನ ಚುಕ್ಕೆ ಮುಂದೆ ಕುಳಿಯಾಗುತ್ತದೆ. ಸ್ಟೀಲ್ ಪಾತ್ರೆಯ ಸಂಗತಿ ಬೇರೆ. ಅದರಲ್ಲಿ ಬೆರೆತ ಕ್ರೋಮಿಯಂ ಕಣ್ಣಿಗೆ ಕಾಣದ ಪೊರೆಯೊಂದನ್ನು ಹೊದಿಸಿರುತ್ತದೆ. ಅದರ ಮೇಲಿನ ಕಂದು ಕಲೆ ಎಷ್ಟೋ ವೇಳೆ ಪಕ್ಕದಲ್ಲಿಟ್ಟ ಒದ್ದೆ ಕಬ್ಬಿಣದಿಂದ ಬಂದದ್ದು. ನಿಂಬೆಯ ಹೋಳಿನಿಂದ ಒರೆಸಿ ತೊಳೆದರೆ ಸಾಕು. ಉಕ್ಕಿನ ನಾರನ್ನು ಮುಟ್ಟಿಸಬಾರದು.

ಕಾವಲಿಗಾದರೋ ಆ ನಾರು ಬೇಕು. ಸಡಿಲ ತುಕ್ಕನ್ನು ಉಜ್ಜಿ ತೆಗೆದು, ಉಳಿದ ಕಲೆಗೆ ನೆನೆಸಿ ಹಿಚುಕಿದ ಹುಣಸೆಹಣ್ಣನ್ನು ಬಳಿದು ಅರ್ಧ ಗಂಟೆ ಬಿಡಬೇಕು. ಹುಳಿಯಲ್ಲಿರುವ ಆಮ್ಲ ತುಕ್ಕನ್ನು ಕರಗಿಸುತ್ತದೆ. ರಾತ್ರಿಯೆಲ್ಲ ಬಿಟ್ಟರೆ ಇನ್ನೂ ಚೆನ್ನೆಂದು ಭಾವಿಸುವವರಿದ್ದಾರೆ. ತುಕ್ಕು ತೀರಿದ ಮೇಲೆ ಆಮ್ಲ ಕಬ್ಬಿಣಕ್ಕೇ ಕೈಹಾಕುತ್ತದೆಂಬುದನ್ನು ಅವರು ಮರೆಯುತ್ತಾರೆ.

ಮುಖ್ಯವಾದುದು ಅನಂತರದ ಕೆಲಸ. ಹೆಚ್ಚಿನವರು ಕೈಬಿಡುವುದೂ ಅದನ್ನೇ. ತೊಳೆದ ಕಾವಲಿಯನ್ನು ಗಾಳಿಗೆ ಆರಲೆಂದು ಗೋಡೆಗೆ ಒರಗಿಸಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪು. ಕೂಡಲೇ ಒರೆಸಿ, ಒಲೆಯ ಮೇಲಿಟ್ಟು ಪಸೆಯಾರಿಸಿ, ಅರ್ಧ ಹೋಳು ಈರುಳ್ಳಿಯಿಂದ ಎಣ್ಣೆ ಸವರಿ, ಹೊಗೆಯಾಡುವವರೆಗೆ ಕಾಯಿಸಬೇಕು. ಕಿಟಕಿ ತೆರೆದಿರಲಿ. ಆರಿದ ಬಳಿಕ ಮತ್ತೆ ಹಾಗೆಯೇ, ಮೂರು ನಾಲ್ಕು ಸಲ. ಕಾದ ಎಣ್ಣೆ ಕಬ್ಬಿಣಕ್ಕೆ ಅಂಟಿ ಗಟ್ಟಿಯಾಗಿ ಕಪ್ಪು ಪೊರೆ ಕಟ್ಟುತ್ತದೆ. ಹಳೆಯ ಕಾವಲಿಯ ಹಿರಿಮೆಯೆಲ್ಲ ಈ ಪೊರೆಯದು. ಅಟ್ಟದ ಮೇಲೆ ಕಳೆದುಹೋದದ್ದೂ ಇದೇ. ಎಣ್ಣೆ ತೆಳುವಾಗಿರಬೇಕು, ಧಾರಾಳವಾಗಿ ಸುರಿದರೆ ಜಿಗುಟು ಜಿಗುಟಾದೀತು. ಈಳಿಗೆಮಣೆಯ ಅಲಗಿಗೆ ಇಷ್ಟು ಉಪಚಾರ ಬೇಡ; ಒರೆಸಿ, ಎಣ್ಣೆಬಟ್ಟೆಯಿಂದ ಎಚ್ಚರಿಕೆಯಾಗಿ ಸವರಿದರಾಯಿತು.

ಮೊದಲ ಎರಡು ದೋಸೆ ಹರಿದು ಬಂದಾವು. ಮೂರನೆಯದಕ್ಕೆ ಅತ್ತೆಯವರನ್ನು ಕರೆಯಬಹುದು.