ಮುಚ್ಚುವುದು ದುರಸ್ತಿಯಲ್ಲ

ಹಳೆಯ ಕಾರಿನ ಡ್ಯಾಶ್‌ಬೋರ್ಡ್ ಬಿರುಕುಬಿಟ್ಟಿತೆಂದರೆ, ಅದೇ ಆಕಾರದ ತೆಳುವಾದ ಪ್ಲಾಸ್ಟಿಕ್ ಚಿಪ್ಪೊಂದನ್ನು ತಂದು ಮೇಲೆ ಅಂಟಿಸಿ, ದುರಸ್ತಿ ಮುಗಿಯಿತೆಂದು ಕೈತೊಳೆದುಕೊಳ್ಳುವ ಪದ್ಧತಿಯೊಂದಿದೆ. ಅಮೆರಿಕದಲ್ಲಿ ಈ ಚಿಪ್ಪಿಗೆ ‘ಡ್ಯಾಶ್ ಕ್ಯಾಪ್’ ಎನ್ನುತ್ತಾರೆ. ಹಳೆಯ ಕಾರುಗಳ ಬಗ್ಗೆ ಅಭಿಮಾನವುಳ್ಳವರೇ ಇದನ್ನು ಸಮರ್ಥಿಸುವುದನ್ನು ಕಂಡು ನನಗೆ ಆಶ್ಚರ್ಯವೂ ಖೇದವೂ ಆಗಿದೆ. ಈ ಪದ್ಧತಿಯನ್ನು ದುರಸ್ತಿ ಎಂದು ಕರೆಯುವುದೇ ತಪ್ಪು. ದುರಸ್ತಿಗೆ ಇದ್ದ ಅವಕಾಶವನ್ನು ಅದು ಶಾಶ್ವತವಾಗಿ ಕಳೆಯುತ್ತದೆ. ಹೀಗೆನ್ನಲು ಕಾರಣಗಳಿವೆ, ಅವನ್ನು ಒಂದೊಂದಾಗಿ ಮುಂದಿಡುತ್ತೇನೆ.

ಡ್ಯಾಶ್‌ಬೋರ್ಡ್ ಎಂಬ ಪದ ಕಾರಿಗಿಂತ ಹಳೆಯದು. ಕುದುರೆಗಾಡಿಗಳ ಕಾಲದಲ್ಲಿ, ಗೊರಸಿನಿಂದ ಸಿಡಿಯುವ ಕೆಸರು ಗಾಡಿಯೊಳಗೆ ಕುಳಿತವರ ಮೇಲೆ ಬೀಳದಿರಲೆಂದು ಮುಂಭಾಗದಲ್ಲಿ ನಿಲ್ಲಿಸುತ್ತಿದ್ದ ಹಲಗೆಗೆ ಆ ಹೆಸರಿತ್ತು. ಮೋಟಾರು ಬಂದ ಮೇಲೆ ಹಲಗೆಯ ಕೆಲಸ ಬದಲಾಯಿತು, ಹೆಸರು ಉಳಿಯಿತು. 1950ರ ದಶಕದವರೆಗೆ ಬಹುತೇಕ ಕಾರುಗಳಲ್ಲಿ ಅದು ಬಣ್ಣ ಬಳಿದ ಉಕ್ಕಿನದು ಇಲ್ಲವೇ ಮರದ್ದು. ಬಿಸಿಲಿಗೆ ಉಕ್ಕು ಬಿರಿಯುವುದಿಲ್ಲ. ಆದರೆ ಅಪಘಾತದಲ್ಲಿ ಅದಕ್ಕೆ ಬಡಿದ ತಲೆ ಬಿರಿಯುತ್ತದೆ. 1956ರಲ್ಲಿ ಫೋರ್ಡ್ ಕಂಪನಿಯು ಮೆತ್ತೆ ಹಾಕಿದ ಡ್ಯಾಶ್‌ಬೋರ್ಡನ್ನು, ಬೇಕೆನ್ನುವವರಿಗೆ ಹೆಚ್ಚುವರಿ ಬೆಲೆಗೆ ಒದಗಿಸಿತು. 1965ರಲ್ಲಿ ರಾಲ್ಫ್ ನೇಡರ್ ಅವರು ಅಮೆರಿಕದ ಕಾರುಗಳ ಅಪಾಯಗಳನ್ನು ಬಯಲಿಗೆಳೆದು ಪುಸ್ತಕ ಬರೆದರು. 1966ರಲ್ಲಿ ಆ ದೇಶದ ಸಂಸತ್ತು ವಾಹನ ಸುರಕ್ಷತೆಯ ಕಾಯಿದೆಯನ್ನು ಮಾಡಿತು. ಒಳಭಾಗಕ್ಕೆ ತಲೆ ಬಡಿದಾಗ ಆಗುವ ಪೆಟ್ಟನ್ನು ತಗ್ಗಿಸಬೇಕೆಂಬ ನಿಯಮವು 1968ರ ಜನವರಿ 1ರಿಂದ ಜಾರಿಗೆ ಬಂದಿತು. ಇಂದು ನಾವು ಶಪಿಸುವ ಬಿರುಕು, ಜೀವ ಉಳಿಸಲೆಂದು ಹಾಕಿದ ಮೆತ್ತೆಗೆ ಬಂದ ಮುಪ್ಪು. ಇಷ್ಟನ್ನು ನೆನಪಿಟ್ಟರೆ ಅದನ್ನು ನೋಡುವ ದೃಷ್ಟಿಯೇ ಬೇರೆಯಾಗುತ್ತದೆ.

ಈ ಮುಪ್ಪು ಬರುವುದು ಹೇಗೆ? ನನ್ನ ತರಗತಿಯಲ್ಲಿ ಕುಳಿತವರಿಗೆ ಪಾಲಿವಿನೈಲ್ ಕ್ಲೋರೈಡ್ ಎಂಬ ಹೆಸರು ಮರೆತಿರಲಾರದು. ಮನೆಯ ನಲ್ಲಿಗೆ ನೀರು ತರುವ ಪಿವಿಸಿ ಪೈಪು ಅದರಿಂದಲೇ ಆದದ್ದು. ಕಾರಿನ ಡ್ಯಾಶ್‌ಬೋರ್ಡಿನ ಮೃದುವಾದ ವಿನೈಲ್ ಹೊರಪದರವೂ ಅದರಿಂದಲೇ ಆದದ್ದು. ಒಂದು ಗಡಸು, ಇನ್ನೊಂದು ಚರ್ಮದಂತೆ ಮೆತ್ತಗೆ. ವ್ಯತ್ಯಾಸಕ್ಕೆ ಕಾರಣ, ಎರಡನೆಯದರಲ್ಲಿ ಬೆರೆಸಿರುವ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ದ್ರವ್ಯ. ಅದರ ಅಣುಗಳು ಪಾಲಿಮರಿನ ಉದ್ದನೆಯ ಸರಪಳಿಗಳ ನಡುವೆ ಸೇರಿಕೊಂಡು, ಅವು ಒಂದರ ಪಕ್ಕದಲ್ಲಿ ಇನ್ನೊಂದು ಸರಿದಾಡುವಂತೆ ಮಾಡುತ್ತವೆ. ಆದರೆ ಅವು ರಾಸಾಯನಿಕ ಬಂಧದಿಂದ ಕಟ್ಟಿಕೊಂಡಿರುವುದಿಲ್ಲ. ವರ್ಷಗಳ ಬಿಸಿಲಿನಲ್ಲಿ ಮೆಲ್ಲಮೆಲ್ಲನೆ ಹೊರಬೀಳುತ್ತವೆ. ಹೊಸ ಕಾರಿನ ಮುಂಗಾಜಿನ ಒಳಬದಿಯಲ್ಲಿ ಕೂರುವ ಜಿಡ್ಡುಮಸುಕಿನಲ್ಲಿ ಅವುಗಳ ಪಾಲೂ ಉಂಟು.

ಹೀಗೆ ಎಣ್ಣೆ ಕಳೆದುಕೊಂಡ ಹೊರಪದರ ಕುಗ್ಗುತ್ತದೆ. ಅದರ ಕೆಳಗಿನ ಪಾಲಿಯುರೆಥೇನ್ ಫೋಮು ಒಣಗಿ ಪುಡಿಯಾಗತೊಡಗುತ್ತದೆ. ಆದರೆ ಅಂಚುಗಳು ಒಳಗಿನ ಚೌಕಟ್ಟಿಗೆ ಬಿಗಿಯಾಗಿ ಕಚ್ಚಿಕೊಂಡಿರುವುದರಿಂದ ಕುಗ್ಗಲು ಎಡೆಯಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಮಣ್ಣು ಬಾಯಿಬಿಡುವ ಹಾಗೆ, ಎಳೆತವನ್ನು ತಾಳಲಾರದ ಕಡೆ ವಿನೈಲ್ ಸೀಳುತ್ತದೆ. ಸ್ಪೀಕರಿನ ಜಾಲರಿಯ ಮೂಲೆ, ಗಾಳಿಯ ಕಿಂಡಿಯ ಅಂಚು, ಸ್ಕ್ರೂ ಹಾಕಿದ ರಂಧ್ರ ಮುಂತಾದ ಕಡೆಗಳಲ್ಲೇ ಮೊದಲ ಸೀಳು ಕಾಣಿಸುವುದು ಸಾಮಾನ್ಯ. ಮೇಲೊಂದು ಚಿಪ್ಪು ಕೂರಿಸಿದ ಮಾತ್ರಕ್ಕೆ ಈ ಎಳೆತ ನಿಲ್ಲುವುದಿಲ್ಲ. ಚಿಪ್ಪು ಬೆಳಕನ್ನು ತಡೆದೀತು, ಶಾಖವನ್ನು ತಡೆಯದು. ಅದರ ಅಡಿಯಲ್ಲಿ ಬಿರುಕು ತನ್ನ ಪಾಡಿಗೆ ತಾನು ಬೆಳೆಯುತ್ತಲೇ ಇರುತ್ತದೆ, ಕಾಣುವುದಿಲ್ಲ, ಅಷ್ಟೆ. ಮೇಲೆ ಥಳಕು, ಒಳಗೆ ಹುಳುಕು.

ಇದು ಊಹೆಯ ಮಾತಲ್ಲ. ಅರಿಜೋನಾದಲ್ಲಿ ನೆಲೆಸಿರುವ ನನ್ನ ಅಕ್ಕನ ಮಗ 1983ರ ಮರ್ಸಿಡಿಸ್-ಬೆಂಝ್ 300ಡಿ ಕಾರನ್ನು ಕೊಂಡಿದ್ದಾನೆ. ಡಬ್ಲ್ಯು123 ಎಂದು ಕರೆಯುವ ಈ ಮಾದರಿ 1976ರಲ್ಲಿ ಮಾರುಕಟ್ಟೆಗೆ ಬಂದು, 1980ರ ದಶಕದ ಮಧ್ಯದವರೆಗೆ ಸುಮಾರು 27 ಲಕ್ಷದಷ್ಟು ತಯಾರಾಯಿತು. ಜರ್ಮನಿಯಲ್ಲಿ ಟ್ಯಾಕ್ಸಿಯಾಗಿ ದುಡಿದ, ಆಫ್ರಿಕದ ರಸ್ತೆಗಳಲ್ಲೂ ಹೆಸರು ಮಾಡಿದ ಗಟ್ಟಿ ಕಾರು. ಅದರ ಐದು ಸಿಲಿಂಡರಿನ ಡೀಸೆಲ್ ಎಂಜಿನ್ ದೀರ್ಘಾಯುಷ್ಯಕ್ಕೆ ಪ್ರಸಿದ್ಧ. ಡ್ಯಾಶ್‌ಬೋರ್ಡಿಗೆ ಆ ಭಾಗ್ಯವಿಲ್ಲ. ಮಾರಿದವರು ಡ್ಯಾಶ್‌ಬೋರ್ಡ್ ಹೊಸದರಂತಿದೆ ಎಂದಿದ್ದರಂತೆ. ಮೊದಲ ಬೇಸಿಗೆಯಲ್ಲೇ ಒಂದು ಮೂಲೆಯ ಅಂಟು ಬಿಟ್ಟು ಚಿಪ್ಪು ಮೇಲೆದ್ದಿತು. ಎತ್ತಿದಾಗ ಮೂಲ ವಿನೈಲೂ ಫೋಮೂ ಅಂಟಿನ ಜೊತೆಗೇ ತುಂಡುತುಂಡಾಗಿ ಕಿತ್ತುಬಂದವು. ಮೊದಲು ಎರಡೋ ಮೂರೋ ಬಿರುಕಿದ್ದಿರಬಹುದಾದ ಜಾಗದಲ್ಲಿ ಈಗ ಬೆಸೆಯಲು ಏನೂ ಉಳಿದಿಲ್ಲ. ನಮ್ಮ ಬಂಧುಗಳಲ್ಲಿ ವಾಹನಗಳ ವಿಷಯ ಬಲ್ಲ ಕೆಲವರು, ಇನ್ನೊಂದು ಚಿಪ್ಪು ತಂದು ಅಂಟಿಸಿಬಿಡು ಎಂದು ಅವನಿಗೆ ಬುದ್ಧಿ ಹೇಳಿದ್ದಾರೆ. ಅವರೂ ಇದನ್ನು ಓದುವವರೇ. ಬೇಸರಿಸಬಾರದು, ಆದರೆ ಈ ಬುದ್ಧಿವಾದವನ್ನು ನಾನು ಖಂಡಿಸಲೇಬೇಕಾಗಿದೆ. ಅವನು ಮಾಡಬೇಕಾದ್ದು ಎರಡರಲ್ಲೊಂದು: ಇದೇ ಮಾದರಿಯ ಕಾರಿನಿಂದ ಬಿಚ್ಚಿದ, ಇದಕ್ಕಿಂತ ಉತ್ತಮ ಸ್ಥಿತಿಯ ಡ್ಯಾಶ್‌ಬೋರ್ಡನ್ನು ಹುಡುಕುವುದು, ಅಥವಾ ಹಳೆಯ ಚೌಕಟ್ಟಿಗೆ ಹೊಸ ಫೋಮು ತುಂಬಿ, ಹೊಸ ವಿನೈಲ್ ಹೊದಿಸುವ ನುರಿತವರಿಗೆ ಒಪ್ಪಿಸುವುದು. ಅಲ್ಲಿಯವರೆಗೆ ಅದು ಇದ್ದ ಹಾಗೆಯೇ ಇರಲಿ.

ಚಿಪ್ಪು ಅಂಟಿಸದ ಬಿರುಕನ್ನು ಸರಿಪಡಿಸುವ ಕ್ರಮ ಬೇರೆಯೇ ಇದೆ. ಬಿರುಕಿನ ತುದಿ ಮುಂದುವರಿಯದಂತೆ ಅಲ್ಲೊಂದು ಸಣ್ಣ ರಂಧ್ರ ಕೊರೆಯುತ್ತಾರೆ. ಮೇಲೆದ್ದು ಸುರುಳಿಗೊಂಡ ಅಂಚುಗಳನ್ನು ಕತ್ತರಿಸಿ, ಸೀಳನ್ನು ಇಳಿಜಾರಾಗಿ ಬಿಡಿಸಿ, ಶುಚಿಮಾಡಿ, ಒಣಗಿದ ಮೇಲೂ ಬಾಗಬಲ್ಲ ಭರ್ತಿಯ ದ್ರವ್ಯವನ್ನು ಪದರಪದರವಾಗಿ ತುಂಬುತ್ತಾರೆ. ಗಡಸಾದ ಭರ್ತಿ ಇಲ್ಲಿ ನಿಲ್ಲದು. ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವ ಮೇಲ್ಮೈಯಲ್ಲಿ ಅದರ ಅಂಚಿನಲ್ಲೇ ಹೊಸ ಬಿರುಕು ಹುಟ್ಟುತ್ತದೆ. ಬಳಿಕ ಮರಳುಕಾಗದದಿಂದ ಉಜ್ಜಿ, ಸುತ್ತಲಿನ ವಿನೈಲಿನ ನೆರಿಗೆಯನ್ನು ಹೋಲುವ ಮೇಲ್ಮೈಯನ್ನು ಮೂಡಿಸಿ, ಕೊನೆಗೆ ವಿನೈಲಿಗೆ ಒಗ್ಗುವ ಬಣ್ಣ ಹಾಕುತ್ತಾರೆ. ಹತ್ತಿರದಿಂದ ನೋಡಿದರೆ ಗುರುತು ಕಂಡೀತು. ಕಾಣಲಿ. ಮುಂದೊಂದು ದಿನ ಅದೇ ಜಾಗ ಮತ್ತೆ ಬಿರಿದರೆ, ಮತ್ತೊಬ್ಬರು ಅದನ್ನು ಮತ್ತೆ ಬಿಡಿಸಿ ತುಂಬಬಹುದು.

ನನ್ನ ವಾದದ ತಿರುಳು ಇದೇ. ಮುಂದಿನವರ ಕೈ ಕಟ್ಟುವ ಕೆಲಸ ದುರಸ್ತಿಯಾಗದು. ಸ್ಮಾರಕಗಳ ಸಂರಕ್ಷಣೆ ಹೇಗಿರಬೇಕೆಂದು 1964ರಲ್ಲೇ ವೆನಿಸ್ ಸನ್ನದು ವಿಧಿಸಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಅದೇ ಜಾಡಿನಲ್ಲಿ ನಡೆದು ಟ್ಯೂರಿನ್ ಸನ್ನದನ್ನು ಅಂಗೀಕರಿಸಿತು. ಹಳೆಯ ವಾಹನಕ್ಕೆ ಮಾಡುವ ಮಾರ್ಪಾಡು ದಾಖಲಾಗಬೇಕೆಂದು ಅದು ಹೇಳುತ್ತದೆ. ಚಿಪ್ಪು ಅಂಟಿಸುವವರು ದಾಖಲೆ ಇಡುವುದಿರಲಿ, ಅಂಟಿಸಿದ್ದು ತಿಳಿಯಬಾರದೆಂದೇ ಅಂಟಿಸುತ್ತಾರೆ.

ವಿರೋಧದ ಮಾತುಗಳೂ ನನಗೆ ಗೊತ್ತು. ಮೊದಲನೆಯದು ಖರ್ಚು. ಚಿಪ್ಪಿನ ಬೆಲೆ ಪೂರ್ಣ ದುರಸ್ತಿಯ ಬೆಲೆಯ ಒಂದು ಸಣ್ಣ ಪಾಲು ಎಂಬುದು ನಿಜ. ಆದರೆ ಹಣವಿಲ್ಲದವರ ಮುಂದೆ ಇರುವ ದಾರಿ ಚಿಪ್ಪೊಂದೇ ಅಲ್ಲ. ಸುಮ್ಮನಿರುವುದಕ್ಕೆ ಖರ್ಚೇ ಇಲ್ಲ. ಬಿರುಕು ಕಣ್ಣಿಗೆ ಚುಚ್ಚುವುದಾದರೆ, ಅಳತೆಗೆ ಹೊಲಿಸಿದ ಬಟ್ಟೆಯ ಹೊದಿಕೆಯನ್ನು ಅಂಟಿಲ್ಲದೆ, ಗಾಳಿಯ ಕಿಂಡಿಗಳಿಗೆ ಅಡ್ಡಬಾರದಂತೆ ಹಾಸಿದರಾಯಿತು. ಅದನ್ನು ಬೇಕೆಂದಾಗ ಎತ್ತಿ ನೋಡಬಹುದು, ಒಗೆಯಬಹುದು. ಹೊದಿಕೆಯ ಮೇಲೆ ನನಗೆ ಸಿಟ್ಟಿಲ್ಲ. ಅಂಟಿನ ಮೇಲೆ ಇದೆ.

ಎರಡನೆಯದು, ‘ಇದೇನು ದೇವಸ್ಥಾನವೇ? ದಿನಬಳಕೆಯ ಕಾರು’ ಎಂಬ ಮಾತು. ದಿನಬಳಕೆಯದಾದ್ದರಿಂದಲೇ ಹೇಳುತ್ತಿದ್ದೇನೆ. ಪ್ರದರ್ಶನದ ಕಾರಿಗೆ ಎಷ್ಟು ಬೇಕಾದರೂ ಸುರಿಯುವವರು ಸಿಗುತ್ತಾರೆ. ಬಳಕೆಯ ಕಾರು ಕೈಯಿಂದ ಕೈಗೆ ದಾಟುತ್ತ ಹೋಗುತ್ತದೆ. ಒಬ್ಬರು ಕೆಡಿಸಿದ್ದಕ್ಕೆ ಅವರ ನಂತರದ ಬಡಪಾಯಿ ತೆರಬೇಕಾಗುತ್ತದೆ. ಬಿಡಿಭಾಗಗಳು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿರುವಾಗ, ಬೆಸೆಯಬಹುದಾಗಿದ್ದ ಒಂದೊಂದು ಡ್ಯಾಶ್‌ಬೋರ್ಡೂ ಅಂಟಿಗೆ ಬಲಿಯಾಗುವುದು ಎಲ್ಲರಿಗೂ ನಷ್ಟ.

ಮೂರನೆಯದು ಸುರಕ್ಷತೆಯ ವಿಚಾರ. 1990ರ ದಶಕದ ಈಚೆಗಿನ ಅನೇಕ ಕಾರುಗಳಲ್ಲಿ, ಚಾಲಕನ ಪಕ್ಕದಲ್ಲಿ ಕುಳಿತವರಿಗಾಗಿ ಡ್ಯಾಶ್‌ಬೋರ್ಡಿನೊಳಗೆ ಏರ್‌ಬ್ಯಾಗ್ ಇರುತ್ತದೆ. ಅಪಘಾತವಾದ ಕ್ಷಣದಲ್ಲಿ ಅದು ಮೇಲ್ಮೈಯನ್ನು ಸೀಳಿಕೊಂಡು ಹೊರಬರಬೇಕು. ಅದರ ದಾರಿಗೆ ಚಿಪ್ಪನ್ನೋ ಕಂಬಳಿಯಂಥ ಹೊದಿಕೆಯನ್ನೋ ಅಡ್ಡವಿಡುವುದು ಅಪಾಯಕ್ಕೆ ಆಹ್ವಾನ. ಹಳೆಯ ಕಾರಿನ ರೂಢಿಯನ್ನು ಹೊಸ ಕಾರಿಗೆ ವಿಸ್ತರಿಸುವವರು ಇದನ್ನು ಗಮನಿಸಲಿ.

ಕೆಲವು ಕಾರುಗಳಿಗೆ ಬಿಡಿಭಾಗವೂ ಇಲ್ಲ, ಬೆಸೆಯುವ ಸ್ಥಿತಿಯಲ್ಲಿ ಮೂಲವೂ ಇಲ್ಲ ಎಂಬ ಸಂದರ್ಭ ಬರಬಹುದು. ಅಂಥಲ್ಲಿ ಚಿಪ್ಪು ಹಾಕುವವರನ್ನು ನಾನು ದೂರುವುದಿಲ್ಲ. ಮಾರುವಾಗ ಅದನ್ನು ಬಾಯಿಬಿಟ್ಟು ಹೇಳಿದರೆ ಸಾಕು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ತಪ್ಪಿದ ಉತ್ತರವನ್ನು ಒಂದೇ ಗೆರೆ ಎಳೆದು ಹೊಡೆದುಹಾಕಬೇಕು, ಮೇಲೆ ಕಾಗದ ಅಂಟಿಸಬಾರದು ಎಂದು ನಿಮಗೆಲ್ಲ ಹೇಳಿಕೊಟ್ಟದ್ದುಂಟು. ಹೊಡೆದುಹಾಕಿದ ಉತ್ತರದಿಂದ ಯಾರ ಅಂಕವೂ ಕಡಿಮೆಯಾಗಿರಲಿಲ್ಲ. ಕಾಗದ ಅಂಟಿಸಿದವರ ಪತ್ರಿಕೆಯನ್ನು ಮಾತ್ರ ಬೆಳಕಿಗೆ ಹಿಡಿದು ನೋಡಬೇಕಾಗುತ್ತಿತ್ತು. ಕೊಳ್ಳುವವರು ಇಂದು ಕಾರನ್ನೂ ಹಾಗೆಯೇ ಅನುಮಾನದಿಂದ ನೋಡುವಂತಾಗಿದ್ದರೆ, ಅದಕ್ಕೆ ಹೊಣೆ ಹೇಳದೆ ಮುಚ್ಚಿದವರು.

ಕೊನೆಯದಾಗಿ, ಬಿರುಕು ಬರುವ ಮೊದಲೇ ಮಾಡಬಹುದಾದ ಕೆಲಸ. ಅರಿಜೋನಾದ ಟೆಂಪಿಯಲ್ಲಿ ಬೇಸಿಗೆಯ ದಿನಗಳಲ್ಲಿ ನಡೆದು, 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಉಷ್ಣತೆ ಸರಾಸರಿ 69 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ನೆರಳಲ್ಲಿ ನಿಂತ ಕಾರಿನಲ್ಲಿ ಅದು ಸುಮಾರು 48 ಡಿಗ್ರಿ. ಸುಮಾರು 21 ಡಿಗ್ರಿಯ ಈ ಅಂತರವನ್ನು ಯಾವ ಅಂಗಡಿಯ ಯಾವ ಚಿಪ್ಪೂ ಕೊಡಲಾರದು. ಒಂದು ಹೊಂಗೆಮರ, ಒಂದು ತಗಡಿನ ಚಪ್ಪರ, ಅದೂ ಇಲ್ಲದಿದ್ದರೆ ಮುಂಗಾಜಿನ ಒಳಗೆ ಒರಗಿಸುವ ಹೊಳಪಿನ ರಟ್ಟು ಕೊಟ್ಟಾವು. ಹಳೆಯ ಕಾರನ್ನು ಇಟ್ಟುಕೊಂಡವರು ಮೊದಲು ನೆರಳನ್ನು ಒದಗಿಸಲಿ; ಬಿರುಕು ಬಂದರೆ ಬೆಸೆಯಲಿ; ಬೆಸೆಯಲು ಅನುಕೂಲವಿಲ್ಲದಿದ್ದರೆ ಹಾಗೆಯೇ ಬಿಡಲಿ. ಅಂಟಿನ ಡಬ್ಬಿಯನ್ನು ಮಾತ್ರ ಮುಟ್ಟದಿರಲಿ. ಇದಕ್ಕೆ ಒಪ್ಪದವರು ಧಾರಾಳವಾಗಿ ಉತ್ತರ ಬರೆಯಬಹುದು. ಬರೆಯುವ ಮೊದಲು ತಮ್ಮ ಕಾರಿನ ಚಿಪ್ಪಿನ ಅಂಚನ್ನು ಒಂದಿಷ್ಟು ಎತ್ತಿ, ಕೆಳಗೇನಿದೆ ಎಂದು ನೋಡಿದ್ದರೆ ಒಳಿತು.