'ಸಂಗೀತಗಳು' ಎಂಬ ಬಹುವಚನ: ಲಿಂಟ್ಸ್ ನಗರದ ಡಿಜಿಟಲ್ ಸಂಗೀತ ಪ್ರಶಸ್ತಿಯನ್ನು ಕುರಿತು

ಪ್ರಶಸ್ತಿಯೊಂದರ ಇತಿಹಾಸವೆಂದರೆ ಅದನ್ನು ಪಡೆದವರ ಪಟ್ಟಿ ಎಂಬ ಗ್ರಹಿಕೆ ಸಾಮಾನ್ಯವಾಗಿದೆ. ಪಟ್ಟಿಗಿಂತ ಹೆಚ್ಚಿನದನ್ನು ಕೆಲವೊಮ್ಮೆ ಪ್ರಶಸ್ತಿಯ ಹೆಸರೇ ಹೇಳುತ್ತದೆ. ಆಸ್ಟ್ರಿಯಾ ದೇಶದ ಲಿಂಟ್ಸ್ ನಗರದಲ್ಲಿ 1987ರಿಂದ ನೀಡಲಾಗುತ್ತಿರುವ 'ಪ್ರಿ ಆರ್ಸ್ ಇಲೆಕ್ಟ್ರಾನಿಕಾ' ಪ್ರಶಸ್ತಿಯ ಸಂಗೀತ ವಿಭಾಗ ಇದಕ್ಕೆ ಒಳ್ಳೆಯ ನಿದರ್ಶನ. ಮೊದಲ ಹನ್ನೆರಡು ವರ್ಷ ಈ ವಿಭಾಗಕ್ಕೆ 'ಕಂಪ್ಯೂಟರ್ ಸಂಗೀತ' ಎಂಬ ಹೆಸರಿತ್ತು. 1999ರಲ್ಲಿ ಅದು 'ಡಿಜಿಟಲ್ ಮ್ಯೂಸಿಕ್ಸ್' ಎಂದಾಯಿತು. ಯಂತ್ರದ ಹೆಸರು ಹೋಗಿ ತಂತ್ರದ ಹೆಸರು ಬಂದದ್ದು ಒಂದು ಬದಲಾವಣೆ. 'ಸಂಗೀತ' ಎಂಬ ಏಕವಚನ 'ಸಂಗೀತಗಳು' ಎಂಬ ಬಹುವಚನವಾದದ್ದು ಇನ್ನೊಂದು. ಚರ್ಚೆಗೆ ಹೆಚ್ಚು ಅರ್ಹವಾದುದು ಈ ಎರಡನೆಯದು. ಕನ್ನಡದಲ್ಲಿಯೂ 'ಸಂಗೀತಗಳು' ಎಂಬ ರೂಪ ಕಿವಿಗೆ ಸ್ವಲ್ಪ ಒರಟಾಗಿಯೇ ಕೇಳುತ್ತದೆ. ಆ ಒರಟುತನ ಉದ್ದೇಶಪೂರ್ವಕವಾದುದು.

ಲಿಂಟ್ಸ್ ಉಕ್ಕಿನ ಕಾರ್ಖಾನೆಯ ಊರು. ಸಂಗೀತದ ನಗರವೆಂಬ ಖ್ಯಾತಿ ವಿಯೆನ್ನಾ, ಸಾಲ್ಜ್‌ಬರ್ಗ್‌ಗಳಿಗೆ ಸಂದಿದ್ದರಿಂದ ಈ ಕೈಗಾರಿಕಾ ನಗರ ತನ್ನ ಗುರುತನ್ನು ಬೇರೆಡೆ ಹುಡುಕಬೇಕಾಯಿತು. 1979ರಲ್ಲಿ ಅಲ್ಲಿ ಕಲೆ, ತಂತ್ರಜ್ಞಾನ ಮತ್ತು ಸಮಾಜಗಳ ಸಂಬಂಧವನ್ನು ವಸ್ತುವಾಗಿಸಿಕೊಂಡ 'ಆರ್ಸ್ ಇಲೆಕ್ಟ್ರಾನಿಕಾ' ಉತ್ಸವ ಆರಂಭವಾಯಿತು. ಅದರ ಸ್ಥಾಪಕರಲ್ಲಿ ಒಬ್ಬರೂ ಆಸ್ಟ್ರಿಯಾದ ಪ್ರಸಾರ ಸಂಸ್ಥೆ ಓಆರ್‌ಎಫ್‌ಗೆ ಸೇರಿದವರೂ ಆದ ಹಾನೆಸ್ ಲಿಯೊಪೊಲ್ಡ್ಸೆಡರ್ ಅವರ ಪ್ರಯತ್ನದಿಂದ 1987ರಲ್ಲಿ ಪ್ರಶಸ್ತಿ ಸ್ಥಾಪನೆಯಾಯಿತು. ಕಂಪ್ಯೂಟರ್ ಚಿತ್ರ, ಕಂಪ್ಯೂಟರ್ ಅನಿಮೇಷನ್, ಕಂಪ್ಯೂಟರ್ ಸಂಗೀತ ಎಂಬುವು ಮೊದಲ ಮೂರು ವಿಭಾಗಗಳು. ಪ್ರಾಚೀನ ಗ್ರೀಸಿನ ಸಾಮೊತ್ರೇಸ್ ದ್ವೀಪದ ರೆಕ್ಕೆಯುಳ್ಳ ವಿಜಯದೇವತೆಯ ಮಾದರಿಯಲ್ಲಿ ಮಾಡಿದ 'ಗೋಲ್ಡನ್ ನಿಕಾ' ಎಂಬ ಪ್ರತಿಮೆ ಇದರ ಅತ್ಯುನ್ನತ ಬಹುಮಾನ. ಅತ್ಯಾಧುನಿಕವೆಂದು ಹೇಳಿಕೊಂಡ ಪ್ರಶಸ್ತಿಯೂ ತನ್ನ ಗೌರವದ ಚಿಹ್ನೆಗಾಗಿ ಪ್ರಾಚೀನ ಶಿಲ್ಪದ ಮೊರೆಹೋಗಬೇಕಾಯಿತು ಎಂಬುದು ಸ್ವಾರಸ್ಯಕರ.

ಮೊದಲ ವರ್ಷದ ಸಂಗೀತ ಪ್ರಶಸ್ತಿ ಇಬ್ಬರಿಗೆ ಹಂಚಿಕೆಯಾಯಿತು. ಒಬ್ಬರು ಫ್ರಾನ್ಸಿನ ಝಾನ್-ಕ್ಲೋದ್ ರಿಸ್ಸೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಪ್ಯೂಟರಿನಿಂದ ನಾದವನ್ನು ಸೃಷ್ಟಿಸುವ ಕುರಿತು ಸಂಶೋಧನೆ ನಡೆಸಿದ್ದ ವಿಜ್ಞಾನಿ-ಸಂಯೋಜಕ ಅವರು. ಇನ್ನೊಬ್ಬರು ಬ್ರಿಟನ್ನಿನ ಜನಪ್ರಿಯ ಗಾಯಕ ಪೀಟರ್ ಗೇಬ್ರಿಯಲ್. ಫೇರ್‌ಲೈಟ್ ಎಂಬ ಡಿಜಿಟಲ್ ವಾದ್ಯವನ್ನು ರಾಕ್ ಸಂಗೀತಕ್ಕೆ ತಂದ ಮೊದಲಿಗರಲ್ಲಿ ಅವರೂ ಒಬ್ಬರು. ಪ್ರಯೋಗಾಲಯ ಮತ್ತು ಮಾರುಕಟ್ಟೆ ಹೀಗೆ ಒಂದೇ ವೇದಿಕೆಯಲ್ಲಿ ನಿಂತಿದ್ದವು. ಆ ನೆರೆತನ ಉಳಿಯಲಿಲ್ಲ. 1988ರಲ್ಲಿ ಡೆನಿಸ್ ಸ್ಮಾಲಿ, 1989ರಲ್ಲಿ ಫಿನ್ಲೆಂಡಿನ ಕಾಯಾ ಸಾರಿಯಾಹೊ, 1993ರಲ್ಲಿ ಬರ್ನಾರ್ ಪಾರ್ಮೆಜಿಯಾನಿ, 1995ರಲ್ಲಿ ಟ್ರೆವರ್ ವಿಶಾರ್ಟ್ ಪುರಸ್ಕೃತರಾದರು. ಇವರೆಲ್ಲ ದೊಡ್ಡ ಸಂಯೋಜಕರೇ. ಆದರೆ ಎಲ್ಲರೂ ವಿಶ್ವವಿದ್ಯಾಲಯ, ಬಾನುಲಿ ಕೇಂದ್ರ ಅಥವಾ ಸರ್ಕಾರದ ನೆರವಿನ ಸ್ಟುಡಿಯೋಗಳ ಪರಂಪರೆಗೆ ಹತ್ತಿರದವರು. ಆ ಕಾಲದಲ್ಲಿ ಅಂಥ ಯಂತ್ರಗಳು ಸಂಸ್ಥೆಗಳ ವಶದಲ್ಲಿದ್ದುದರಿಂದ ಕಂಪ್ಯೂಟರ್ ಸಂಗೀತವೆಂದರೆ ಸಂಸ್ಥೆಗಳ ಸಂಗೀತವೆಂದೇ ಅರ್ಥವಾಗಿತ್ತು.

ಹೆಸರು ಬದಲಾಗುವ ಮೊದಲೇ ಅದು ಶಿಥಿಲಗೊಂಡಿತ್ತೆಂಬುದನ್ನು ಗಮನಿಸಬೇಕು. 1997ರಲ್ಲಿ ಮ್ಯಾಟ್ ಹೆಕರ್ಟ್ ಅವರ ಯಾಂತ್ರಿಕ ವಾದ್ಯಮೇಳಕ್ಕೆ, 1998ರಲ್ಲಿ ಬಾಷ್ ಮತ್ತು ಸೈಮನ್ಸ್ ಜೋಡಿಯ ಕಂಪಿಸುವ ಮರದ ಪೆಟ್ಟಿಗೆಗಳಿಗೆ ಪ್ರಶಸ್ತಿ ಸಂದಿತು. ಅಲ್ಲಿ ಕಂಪ್ಯೂಟರ್ ಹಿಂದೆ ನಿಂತಿತ್ತು, ಸದ್ದು ಮಾಡುತ್ತಿದ್ದುದು ಲೋಹ, ಮರ ಮತ್ತು ಸ್ಪ್ರಿಂಗುಗಳು. 1999ರಲ್ಲಿ ಹೊಸ ಹೆಸರಿನೊಡನೆ ನೃತ್ಯಗೃಹಗಳ ಸಂಗೀತದಿಂದ ಬಂದ ಏಫೆಕ್ಸ್ ಟ್ವಿನ್ ಹಾಗೂ ವಿಡಿಯೋ ನಿರ್ದೇಶಕ ಕ್ರಿಸ್ ಕನಿಂಗ್‌ಹ್ಯಾಮ್ ಅವರಿಗೆ ಗೋಲ್ಡನ್ ನಿಕಾ ದೊರೆಯಿತು. ಇದರ ವಿರುದ್ಧ ಸಹಜವಾಗಿಯೇ ಒಂದು ಆಕ್ಷೇಪ ಏಳುತ್ತದೆ: ಮಾರಾಟದ ಮೂಲಕವೇ ಕೇಳುಗರನ್ನು ಪಡೆಯಬಲ್ಲವರಿಗೆ ಪ್ರಶಸ್ತಿಯ ಆಸರೆ ಏಕೆ? ಸ್ಟುಡಿಯೋ ಪರಂಪರೆಯ ಸಂಯೋಜಕರಿಗೆ ಇದ್ದ ಕೆಲವೇ ಮನ್ನಣೆಗಳಲ್ಲಿ ಒಂದನ್ನು ಕಿತ್ತುಕೊಂಡಂತಾಗಲಿಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಆದರೂ ಮನೆಯ ಕೋಣೆಯಲ್ಲಿ ಕುಳಿತು ಅದೇ ಗುಣಮಟ್ಟದ ನಾದವನ್ನು ರೂಪಿಸಬಲ್ಲ ಒಂದು ತಲೆಮಾರು ಸಿದ್ಧವಾಗಿದ್ದಾಗ, ಸಂಸ್ಥೆಯ ಬಾಗಿಲಿನಲ್ಲಿಯೇ ಸಂಗೀತವನ್ನು ಹುಡುಕುತ್ತಿರುವುದು ಕಿವುಡುತನವಾಗುತ್ತಿತ್ತು. ತೀರ್ಪುಗಾರರ ನಡೆ ಸರಿಯಾಗಿತ್ತು.

ಹೊಸ ಹೆಸರಿನ ನಿಜವಾದ ಫಲ ಕಂಡದ್ದು ನಂತರದ ವರ್ಷಗಳಲ್ಲಿ. 2002ರಲ್ಲಿ ಪ್ರಶಸ್ತಿ ಪಡೆದ ಯಾಸುನಾವೊ ತೋನೆ ಅವರ ಕೃತಿ ಸಾಹಿತ್ಯದ ವಿದ್ಯಾರ್ಥಿಗಳಿಗೆ ವಿಶೇಷ ಆಸಕ್ತಿಯದು. ಎಂಟನೆಯ ಶತಮಾನದ ಜಪಾನೀ ಕಾವ್ಯಸಂಕಲನ 'ಮಾನ್‌ಯೋಶೂ' ಇದರ ಆಕರ. ಅದರಲ್ಲಿ ಸುಮಾರು 4,500 ಪದ್ಯಗಳಿವೆ. ಜಪಾನೀ ಭಾಷೆಗೆ ಸ್ವಂತ ಲಿಪಿ ಇಲ್ಲದ ಕಾಲದಲ್ಲಿ ಚೀನೀ ಅಕ್ಷರಗಳನ್ನು ಎರವಲು ಪಡೆದು ಅವನ್ನು ಬರೆದಿಡಲಾಯಿತು. ಲಿಪಿ ಒಬ್ಬರದು, ಉಚ್ಚಾರ ಇನ್ನೊಬ್ಬರದು. ತೋನೆ ಆ ಅಕ್ಷರಗಳನ್ನು ಚಿತ್ರಗಳಾಗಿ, ಚಿತ್ರಗಳನ್ನು ಕಂಪ್ಯೂಟರಿನ ಮೂಲಕ ಧ್ವನಿಯಾಗಿ ಮಾರ್ಪಡಿಸಿದರು. ಬಳಿಕ ಸಿ.ಡಿ.ಯನ್ನು 'ಗಾಯಗೊಳಿಸಿ' ನುಡಿಸಿದರು. ಸೂಜಿಯಿಂದ ಚುಚ್ಚಿದ ಪಾರದರ್ಶಕ ಪಟ್ಟಿಯನ್ನು ಸಿ.ಡಿ.ಗೆ ಅಂಟಿಸಿ, ದೋಷವನ್ನು ತಾನೇ ತಿದ್ದಿಕೊಳ್ಳುವ ಯಂತ್ರದ ಸಾಮರ್ಥ್ಯವನ್ನು ದಾರಿತಪ್ಪಿಸುವ ವಿಧಾನವನ್ನು ಅವರು 1980ರ ದಶಕದಲ್ಲಿಯೇ ಕಂಡುಕೊಂಡಿದ್ದರು. ಡಿಜಿಟಲ್ ತಂತ್ರದ ಹೆಮ್ಮೆಯೆಂದರೆ ಅದರ ದೋಷರಹಿತ ಪುನರುತ್ಪಾದನೆ. ಆ ಹೆಮ್ಮೆಯನ್ನೇ ಮುರಿದ ಕೃತಿಗೆ ಡಿಜಿಟಲ್ ಸಂಗೀತದ ಪ್ರಶಸ್ತಿ ಬಂದಿತು.

2006ರ ಆಯ್ಕೆ ಇನ್ನೂ ದಿಟ್ಟವಾದುದು. ಫ್ರಾನ್ಸಿನ ಎಲಿಯಾನ್ ರಾಡಿಗ್ ಅವರಿಗೆ ಆಗ ಎಪ್ಪತ್ತರ ಮೇಲಿನ ವಯಸ್ಸು. ಪುರಸ್ಕೃತ ಕೃತಿ 2000ದಲ್ಲಿ ಪೂರ್ಣಗೊಂಡಿದ್ದ ಸುಮಾರು ಒಂದು ಗಂಟೆಯ ನಿಧಾನವಾದ ನಾದಪ್ರವಾಹ. ಅವರು ದಶಕಗಳ ಕಾಲ ಬಳಸಿದ್ದು ಆರ್ಪ್ 2500 ಎಂಬ ಸಿಂಥಸೈಸರ್. ಅದು ಡಿಜಿಟಲ್ ಅಲ್ಲ, ಅನಲಾಗ್. ವಿಭಾಗದ ಹೆಸರನ್ನು ಅಕ್ಷರಶಃ ಹಿಡಿದಿದ್ದರೆ ಅವರ ಕೃತಿ ಪರಿಶೀಲನೆಗೇ ಬರುತ್ತಿರಲಿಲ್ಲ. ಪ್ರಶಸ್ತಿಯ ಅತ್ಯುತ್ತಮ ತೀರ್ಮಾನಗಳು ಅದು ತನ್ನ ಹೆಸರಿಗೆ ಅವಿಧೇಯವಾದ ವರ್ಷಗಳಲ್ಲಿಯೇ ಹುಟ್ಟಿವೆ ಎಂದರೆ ತಪ್ಪಾಗಲಾರದು.

ಉಪಕರಣದ ಹೆಸರಿನಿಂದ ಸಂಗೀತವನ್ನು ಅಳೆಯುವುದು ಯುರೋಪಿಗೆ ಮಾತ್ರ ಸೀಮಿತವಾದ ರೂಢಿಯಲ್ಲ. ಭಾರತದ ಬಾನುಲಿ 1940ರಲ್ಲಿ ಹಾರ್ಮೋನಿಯಂ ವಾದ್ಯವನ್ನು ನಿಷೇಧಿಸಿದಾಗ ತೀರ್ಪಿಗೆ ಒಳಗಾದದ್ದು ಪೆಟ್ಟಿಗೆ, ನುಡಿಸುವವರ ವಿದ್ವತ್ತಲ್ಲ. ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ಬೆಂಗಳೂರಿನದು. ಅಲ್ಲಿ ರೂಪುಗೊಂಡ ಇಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮತ್ತು ತಂಬೂರಿಗಳು ಕರ್ನಾಟಕ ಸಂಗೀತದ ಕಛೇರಿಗಳನ್ನು ಸದ್ದಿಲ್ಲದೆ ಪ್ರವೇಶಿಸಿದವು. ತಂಬೂರಿಯ ಜೀವನಾದ ಅವುಗಳಲ್ಲಿಲ್ಲವೆಂಬ ಕೊರಗು ಇದ್ದೀತು. ಆದರೆ ಅವುಗಳ ಕಾರಣದಿಂದ ಆ ಕಛೇರಿಯನ್ನು ಯಾರೂ ಇಲೆಕ್ಟ್ರಾನಿಕ್ ಸಂಗೀತವೆಂದು ಕರೆಯಲಿಲ್ಲ. ಬಳಕೆಯಲ್ಲಿ ಕರಗಿಹೋದ ಉಪಕರಣಕ್ಕೆ ಪ್ರತ್ಯೇಕ ವರ್ಗ ಬೇಕಾಗುವುದಿಲ್ಲ. ಧ್ವನಿಮುದ್ರಣವೆಲ್ಲವೂ ಡಿಜಿಟಲ್ ಆಗಿರುವಾಗ 'ಡಿಜಿಟಲ್' ಎಂಬ ವಿಶೇಷಣ ಯಾವುದನ್ನೂ ವಿಶೇಷಿಸುವುದಿಲ್ಲ. ಲಿಂಟ್ಸ್‌ನ ವಿಭಾಗಕ್ಕೆ ಮುಂದೆ 'ಧ್ವನಿಕಲೆ' ಎಂಬ ಮಾತನ್ನು ಸೇರಿಸಿಕೊಳ್ಳಬೇಕಾಗಿ ಬಂದದ್ದು ಈ ಬರಿದಾಗುವಿಕೆಯ ಸೂಚನೆಯೇ ಇರಬೇಕು. 2013ರ ಬಳಿಕ ಅದು ಪ್ರತಿವರ್ಷದ ವಿಭಾಗವಾಗಿಯೂ ಉಳಿಯಲಿಲ್ಲ.

ವಿಶೇಷಣ ಹೀಗೆ ಸವೆಯಿತು, ಬಹುವಚನದ ಲೆಕ್ಕ ಮಾತ್ರ ಇತ್ಯರ್ಥವಾಗಲಿಲ್ಲ. ಮೊದಲ ಮೂರು ದಶಕಗಳಲ್ಲಿ ಗೋಲ್ಡನ್ ನಿಕಾ ಪಡೆದವರಲ್ಲಿ ಬಹುಪಾಲು ಯುರೋಪ್, ಉತ್ತರ ಅಮೆರಿಕ ಮತ್ತು ಜಪಾನ್‌ಗಳಿಗೆ ಸೇರಿದವರು. 1999ರ ಬಹುವಚನ ಶೈಲಿಗಳನ್ನು ಒಳಗೊಂಡಿತು, ಸ್ಟುಡಿಯೋ ಮತ್ತು ನೃತ್ಯಗೃಹಗಳ ನಡುವಿನ ಗೋಡೆಯನ್ನು ತಗ್ಗಿಸಿತು. ಭೂಗೋಳದ ಗೋಡೆಯನ್ನು ಮುಟ್ಟಲಿಲ್ಲ. ಈ ಕೊರತೆಯ ಅರಿವು ತೀರ್ಪುಗಾರರಿಗೂ ಇದ್ದಿರಬೇಕು. 2017ರಲ್ಲಿ ಅವರು ಪ್ರಶಸ್ತಿ ನೀಡಿದ್ದು ಒಂದು ಪುಸ್ತಕಕ್ಕೆ: ಸೆಡ್ರಿಕ್ ಫೆರ್ಮಾಂಟ್ ಮತ್ತು ದಿಮಿತ್ರಿ ದೆಲ್ಲ ಫಾಯ್ ಬರೆದ, ಆಗ್ನೇಯ ಏಷ್ಯದ ಗದ್ದಲ ಸಂಗೀತವನ್ನು ಕುರಿತ 'ನಾಟ್ ಯುವರ್ ವರ್ಲ್ಡ್ ಮ್ಯೂಸಿಕ್'. ಪಾಶ್ಚಾತ್ಯರು ಉಳಿದವರ ಸಂಗೀತವನ್ನೆಲ್ಲ 'ವಿಶ್ವ ಸಂಗೀತ' ಎಂಬ ಒಂದೇ ಕಪಾಟಿನಲ್ಲಿಡುವ ಕ್ರಮಕ್ಕೆ ಶೀರ್ಷಿಕೆಯೇ ಪ್ರತಿಭಟನೆ. ಸಂಗೀತ ಪ್ರಶಸ್ತಿಯನ್ನು ಅಧ್ಯಯನಗ್ರಂಥಕ್ಕೆ ಕೊಟ್ಟದ್ದು ಮೆಚ್ಚತಕ್ಕ ಧೈರ್ಯ. ಆದರೆ ಆ ಇಬ್ಬರು ಲೇಖಕರು ನೆಲೆಸಿದ್ದುದು ಬರ್ಲಿನ್ ಮತ್ತು ಕೆನಡಾಗಳಲ್ಲಿ. ಆಗ್ನೇಯ ಏಷ್ಯದ ಸಂಗೀತಗಾರರ ಹೆಸರುಗಳಿರುವುದು ಪುಸ್ತಕದ ಒಳಪುಟಗಳಲ್ಲಿ. ಪುರಸ್ಕೃತರ ಪಟ್ಟಿಯಲ್ಲಿರುವುದು ಅದನ್ನು ಬರೆದವರ ಹೆಸರು.